ಕೊಳ್ಳುವುದು ಬೆಳಕಲ್ಲಿ, ಕಳಿಸುವುದು ಕತ್ತಲಲ್ಲಿ

2025ರ ಸೆಪ್ಟೆಂಬರ್‌ನಲ್ಲಿ, ಪ್ರೊ ಕಬಡ್ಡಿ ಲೀಗ್‌ನ 12ನೇ ಆವೃತ್ತಿ ಇನ್ನೂ ಕಾವೇರುತ್ತಿದ್ದ ಹೊತ್ತಿಗೆ, ತಮಿಳ್ ತಲೈವಾಸ್ ತಂಡದ ಆಡಳಿತ ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ನಾಯಕ ಪವನ್ ಸೆಹ್ರಾವತ್ ಅವರನ್ನು ಶಿಸ್ತಿನ ಕಾರಣಕ್ಕೆ ಮನೆಗೆ ಕಳಿಸಲಾಗಿದೆ, ಈ ಆವೃತ್ತಿಯಲ್ಲಿ ಅವರು ಇನ್ನು ತಂಡದಲ್ಲಿ ಇರುವುದಿಲ್ಲ ಎಂಬುದಷ್ಟೇ ಅದರ ತಿರುಳು. ಅವರು ಮಾಡಿದ್ದೇನು, ವಿಚಾರಿಸಿದವರು ಯಾರು, ಮುರಿದ ನಿಯಮ ಯಾವುದು, ಒಂದೂ ಅದರಲ್ಲಿರಲಿಲ್ಲ. ಪವನ್ ಆರೋಪವನ್ನು ಅಲ್ಲಗಳೆದರು. ಚೆನ್ನೈನ ತಂಡ, ದೆಹಲಿ ಕಡೆಯ ಆಟಗಾರ. ಇದಕ್ಕೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರುಗಳಿಗೂ ಏನು ಸಂಬಂಧ ಅನ್ನುವವರು ಆ ದಿನಗಳಲ್ಲಿ ಬಳ್ಳಾರಿ ರಸ್ತೆಯ ಯಾವುದಾದರೂ ಟೀ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂರಬೇಕಿತ್ತು.

ಸಂಬಂಧ ಇದೆ. ಪವನ್ ಈ ಭಾಗದ ಹುಡುಗರಿಗೆ ಮೊದಲು ಬೆಂಗಳೂರು ಬುಲ್ಸ್‌ನ ಪವನ್. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಪ್ರಶಸ್ತಿ ಗೆದ್ದಿತು. ತಂಡದ 38ರಲ್ಲಿ 22 ಪಾಯಿಂಟ್ ಪವನ್ ಒಬ್ಬರದೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತಂದರು. ಕಾಲು ಹಿಡಿಯಲು ಬಂದವನ ತಲೆಯ ಮೇಲೆಯೇ ಹಾರಿ ಮಧ್ಯದ ಗೆರೆ ಮುಟ್ಟುತ್ತಿದ್ದ ಆ ಆಟಗಾರನನ್ನು ಅನುಕರಿಸಲು ಹೋಗಿ ಕೈ ಮುರಿದುಕೊಂಡ ಹುಡುಗರು ಪ್ರತಿ ಊರಲ್ಲೂ ಸಿಗುತ್ತಾರೆ. 2022ರ ಹರಾಜಿಗೆ ಮುನ್ನ ಬುಲ್ಸ್ ಅವರನ್ನು ಉಳಿಸಿಕೊಳ್ಳಲಿಲ್ಲ. ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಬುಲ್ಸ್ ಅಭಿಮಾನಿಗಳಲ್ಲಿ ಅಂದು ಎದ್ದ ಜಗಳ ಇಂದಿಗೂ ಮುಗಿದಿಲ್ಲ. ಅವನನ್ನು ಬಿಟ್ಟಿದ್ದೇ ತಪ್ಪು ಅನ್ನುವವರು ಒಂದು ಕಡೆ; ಒಬ್ಬನಿಗೆ ಅಷ್ಟು ದುಡ್ಡು ಸುರಿದರೆ ಉಳಿದ ಆರು ಜನರನ್ನು ಎಲ್ಲಿಂದ ತರುವುದು ಅನ್ನುವವರು ಇನ್ನೊಂದು ಕಡೆ.

ಹೀಗಾಗಿ ‘ಮನೆಗೆ ಕಳಿಸಿದರು’ ಎಂಬ ಸುದ್ದಿ ಬಂದಾಗ ಎರಡೂ ಕಡೆಯವರಿಗೆ ಮಾತಿನ ಸರಕು ಸಿಕ್ಕಿತು. ಆಟಗಾರರ ಖರೀದಿ ಮತ್ತು ತಂಡದ ಶಿಸ್ತು ಎರಡು ಬೇರೆ ವಿಷಯಗಳೆಂದು ಪತ್ರಿಕೆಯವರಾದ ನಾವು ಬರೆಯುತ್ತೇವೆ. ಅಭಿಮಾನಿಗೆ ಅವು ಒಂದೇ ಜಗಳದ ಎರಡು ತುದಿ. ಯಾರನ್ನು ಮನೆಗೆ ತರಬೇಕು, ಯಾರನ್ನು ಹೊರಗೆ ಹಾಕಬೇಕು ಎಂದು ತೀರ್ಮಾನಿಸುವವರೇ ಮನೆಯ ಯಜಮಾನರು. ತಂಡ ನಮ್ಮದು ಎಂದು ಎದೆ ಬಡಿದುಕೊಳ್ಳುವವನಿಗೆ ಈ ಎರಡರಲ್ಲೂ ಮಾತಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ: ತರುವಾಗ ಅವನಿಗೆ ಎಲ್ಲವನ್ನೂ ತೋರಿಸುತ್ತಾರೆ, ಕಳಿಸುವಾಗ ಏನನ್ನೂ ತೋರಿಸುವುದಿಲ್ಲ.

ತರುವುದನ್ನು ಎಷ್ಟು ತೋರಿಸುತ್ತಾರೆ ಎಂದರೆ, ಲಕ್ಷದ ಲೆಕ್ಕದವರೆಗೆ. ಪ್ರತಿ ಫ್ರಾಂಚೈಸಿಯ ಚೀಲದಲ್ಲಿ ಇರುವುದು 5 ಕೋಟಿ ರೂಪಾಯಿ. ಅಷ್ಟರೊಳಗೆ ಕನಿಷ್ಠ 18, ಹೆಚ್ಚೆಂದರೆ 25 ಆಟಗಾರರ ತಂಡ ಕಟ್ಟಬೇಕು. ಹರಾಜಿಗೆ ಬರುವವರನ್ನು ನಾಲ್ಕು ದರ್ಜೆಗಳಲ್ಲಿ ಇಟ್ಟಿರುತ್ತಾರೆ. ಎ ದರ್ಜೆಯ ಮೂಲ ಬೆಲೆ 30 ಲಕ್ಷ, ಬಿ 20, ಸಿ 13, ಡಿ 9 ಲಕ್ಷ. ತನ್ನ ಹಳೆಯ ಆಟಗಾರನನ್ನು ಬೇರೆಯವರು ಕೂಗಿದ ಕೊನೆಯ ಬೆಲೆಗೇ ವಾಪಸ್ ಪಡೆಯುವ ‘ಫೈನಲ್ ಬಿಡ್ ಮ್ಯಾಚ್’ ಎಂಬ ಚೀಟಿಯೂ ತಂಡಗಳ ಕೈಯಲ್ಲಿರುತ್ತದೆ. ಯಾರು ಎಷ್ಟಕ್ಕೆ ಕೈಯೆತ್ತಿದರು, ಯಾರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು, ಯಾರ ಮುಖ ಸಪ್ಪೆಯಾಯಿತು, ಎಲ್ಲ ಟಿವಿಯಲ್ಲಿ ನೇರ ಪ್ರಸಾರ.

ಈ ಭಾಗದವರಿಗೆ ಬಹಿರಂಗ ಹರಾಜು ಹೊಸದೇನಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಕದಲುವ ಮೊದಲು ಮುಕ್ತಿ ಬಾವುಟವನ್ನು ಲಕ್ಷಾಂತರ ಜನರೆದುರು ಹರಾಜು ಹಾಕುತ್ತಾರೆ. ಕೂಗುವವರು ಬಹುಪಾಲು ರಾಜಕಾರಣಿಗಳು, ಮೊತ್ತ ಹತ್ತಾರು ಲಕ್ಷ. ಬಾವುಟ ಯಾರ ಪಾಲಾಯಿತು ಎಂಬುದರ ಮೇಲೆ ಮುಂದಿನ ಚುನಾವಣೆಯ ಲೆಕ್ಕ ಹಾಕುವವರೂ ಉಂಟು. ತೈಲ ನಗರವೆಂದು ಹೆಸರಾದ ಚಳ್ಳಕೆರೆಯ ಶೇಂಗಾ ಮಾರುಕಟ್ಟೆಯಲ್ಲಂತೂ ಬೆಲೆ ಕಟ್ಟುವುದು ದಿನದ ಕಸುಬು. ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ ಎಣ್ಣೆ ಎಷ್ಟು ಇಳಿದೀತು ಎಂದು ಹೇಳುವ ಜನ ಇವರು. ಕಬಡ್ಡಿ ಹರಾಜಿನ ದಿನ ಇಲ್ಲಿನವರು ಆಡುವ ಮಾತಿನಲ್ಲಿ ಭಕ್ತಿಗಿಂತ ವ್ಯಾಪಾರಿಯ ಕಣ್ಣು ಜಾಸ್ತಿ ಕಾಣುವುದು ಅದಕ್ಕೇ ಇರಬೇಕು.

ಆ ಕಣ್ಣಿಗೆ 2024ರ ಆಗಸ್ಟ್‌ನಲ್ಲಿ ಬುಲ್ಸ್ ಮಾಡಿದ ಖರೀದಿ ಮೊದಲೇ ಅನುಮಾನ ಹುಟ್ಟಿಸಿತ್ತು. ಅಜಿಂಕ್ಯ ಪವಾರ್ ಅವರಿಗೆ ಕೋಟಿ ದಾಟಿದ ಬೆಲೆ, ಪರ್ದೀಪ್ ನರ್ವಾಲ್ ಅವರಿಗೆ 70 ಲಕ್ಷ. ಪರ್ದೀಪ್ ಸಾಮಾನ್ಯ ಹೆಸರಲ್ಲ. ಪಟ್ನಾ ಪೈರೇಟ್ಸ್ ಸತತ ಮೂರು ಬಾರಿ ಪ್ರಶಸ್ತಿ ಗೆದ್ದಾಗ ಅದರ ಬೆನ್ನೆಲುಬಾಗಿದ್ದವರು, ಐದನೇ ಆವೃತ್ತಿಯೊಂದರಲ್ಲೇ 369 ರೈಡ್ ಪಾಯಿಂಟ್ ತಂದವರು. ಲೀಗ್‌ಗೆ ಅವರು ಕಾಲಿಟ್ಟಿದ್ದೇ ಎರಡನೇ ಆವೃತ್ತಿಯಲ್ಲಿ ಬುಲ್ಸ್ ಅಂಗಿ ತೊಟ್ಟು. ಆಗ ಅವರನ್ನು ಗುರುತಿಸದೆ ಬಿಟ್ಟುಕೊಟ್ಟಿದ್ದೂ ಇದೇ ತಂಡ. ಈಗ ವಾಪಸ್ ಬಂದದ್ದು ಮುಪ್ಪಿನ ಹೊಸ್ತಿಲಲ್ಲಿ. ಕಬಡ್ಡಿಯಲ್ಲಿ ಮುಪ್ಪು ಇಪ್ಪತ್ತೇಳಕ್ಕೇ ಬರುತ್ತದೆ.

ಫಲಿತಾಂಶ ಎಲ್ಲರಿಗೂ ಗೊತ್ತು. 11ನೇ ಆವೃತ್ತಿಯಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡು, ಸಮ ಮಾಡಿಕೊಂಡದ್ದು ಒಂದು. ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ. ಮೊದಲ ಆವೃತ್ತಿಯಿಂದ ತಂಡವನ್ನು ಕಟ್ಟಿಕೊಂಡು ಬಂದಿದ್ದ ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಅವರ ಕಾಲ ಅದರೊಂದಿಗೆ ಮುಗಿಯಿತು. ಮುಂದಿನ ಹರಾಜಿನಲ್ಲಿ ಪರ್ದೀಪ್ ಅವರನ್ನು ಯಾರೂ ಕೂಗಲಿಲ್ಲ. ಅವರು ನಿವೃತ್ತಿ ಘೋಷಿಸಿದರು.

“ಅಲ್ಲಣ್ಣ, ರೈಡರ್‌ಗೆ ದುಡ್ಡು ಸುರಿದ್ರಿ ಸರಿ, ಕಾಲು ಹಿಡಿಯೋನು ಯಾರು?” ಆ ಆವೃತ್ತಿಯ ಉದ್ದಕ್ಕೂ ಕೇಳಿಬಂದ ಪ್ರಶ್ನೆ ಇದೊಂದೇ. ಕಬಡ್ಡಿ ಆಡಿದವನಷ್ಟೇ ಕೇಳುವ ಪ್ರಶ್ನೆ ಇದು, ಬರೀ ನೋಡುವವನಿಗೆ ಹೊಳೆಯುವುದಿಲ್ಲ. ಟಿವಿಯಲ್ಲಿ ಕಣ್ಣು ರೈಡರ್ ಮೇಲೆ ಇರುತ್ತದೆ. ಆಟ ನಡೆಯುವುದು ಅವನೆದುರಿನ ಏಳು ಜನರ ಸಾಲಿನಲ್ಲಿ. ಎರಡು ಮೂಲೆಗಳಲ್ಲಿ ಇಬ್ಬರು ಕಾರ್ನರ್, ಅವರ ಪಕ್ಕ ಕವರ್; ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿ. ರೈಡರ್ ಬಲಕ್ಕೆ ಸರಿದರೆ ಸಾಲು ಬಲಕ್ಕೆ ಬಾಗಬೇಕು, ಅವನು ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣದಲ್ಲಿ ಎಡಗಾರ್ನರ್‌ನವನು ಹಿಮ್ಮಡಿಗೆ ಬೀಳಬೇಕು. ಬಿದ್ದವನು ಒಬ್ಬನೇ ಆದರೆ ರೈಡರ್ ಅವನನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಕೈ ಹಿಡಿದಿದ್ದ ಕವರ್ ಅದೇ ಕ್ಷಣದಲ್ಲಿ ಸೊಂಟಕ್ಕೆ ಬಿದ್ದರಷ್ಟೇ ಔಟ್. ಈ ನಡುವಿನ ವ್ಯತ್ಯಾಸ ಒಂದು ಉಸಿರಿಗೂ ಕಡಿಮೆ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಇಪ್ಪತ್ತೆಂಟು ಸೆಕೆಂಡು ಸುಮ್ಮನೆ ಕಾಯುವುದು, ಯಾರೂ ಆಸೆಬುರುಕನಂತೆ ಮುಂದೆ ನುಗ್ಗದಿರುವುದು: ಶಿಸ್ತು ಅನ್ನುವುದೇ ಇದಕ್ಕೆ. ಹಳೆಯ ಆಟಗಾರರು ಅವಸರದ ಹಿಡಿತವನ್ನು ಕಂಡರೆ ಬೈಯುವ ಬೈಗುಳವನ್ನು ಇಲ್ಲಿ ಅಚ್ಚು ಹಾಕಲಾಗದು.

ಆದರೆ ದೊಡ್ಡ ಬೆಲೆಯ ಖರೀದಿಯೆಲ್ಲ ದಂಡ ಎಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ಇರಾನಿನ ಮೊಹಮ್ಮದ್ ರೇಜಾ ಶಾದ್ಲೂಯಿ ಅವರನ್ನು ಪುಣೇರಿ ಪಲ್ಟನ್ 2.35 ಕೋಟಿಗೆ ಕೊಂಡಿತು, ಆ ಆವೃತ್ತಿಯ ಪ್ರಶಸ್ತಿ ಗೆದ್ದಿತು. ಮರುವರ್ಷ ಹರಿಯಾಣ ಸ್ಟೀಲರ್ಸ್ 2.07 ಕೋಟಿಗೆ ಕೊಂಡಿತು, ಅದೂ ಗೆದ್ದಿತು. ಅದೇ ಹೊತ್ತಿನಲ್ಲಿ ಪವನ್ ಅವರಿಗೆ 2.6 ಕೋಟಿ ಕೊಟ್ಟ ತೆಲುಗು ಟೈಟನ್ಸ್ 10ನೇ ಆವೃತ್ತಿಯಲ್ಲಿ ಕೊನೆಗೆ ಬಿತ್ತು. ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗಗಳ ಜೊತೆ ಕೊಡುಕೊಳೆ, ನೆಂಟಸ್ತಿಕೆ ಇರುವ ಮೊಳಕಾಲ್ಮುರಿನಲ್ಲಿ ಟೈಟನ್ಸ್ ಅಭಿಮಾನಿಗಳಿಗೂ ಕೊರತೆಯಿಲ್ಲ. ಬೀಗರನ್ನು ಕೆಣಕಲು ಆ ವರ್ಷ ಇದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ. ಮರುವರ್ಷ ಬೀಗರು ಬಡ್ಡಿ ಸಮೇತ ತೀರಿಸಿಕೊಂಡರು. ಶಾದ್ಲೂಯಿ ಹಿಡಿಯುವವನು, ಪವನ್ ಓಡುವವನು. ಒಳ್ಳೆಯ ಹಿಡಿಗಾರ ಬಂದರೆ ಪಕ್ಕದ ಮೂವರೂ ಸುಧಾರಿಸುತ್ತಾರೆ. ಒಳ್ಳೆಯ ರೈಡರ್ ಔಟಾಗಿ ಹೊರಗೆ ಕೂತರೆ ಅವನ ಕೋಟಿಯೂ ಹೊರಗೇ ಕೂರುತ್ತದೆ. 2022ರಲ್ಲಿ ತಲೈವಾಸ್‌ಗೆ ಆದದ್ದು ಇನ್ನೂ ಕೆಟ್ಟದ್ದು: ಆವೃತ್ತಿಯ ಮೊದಲ ಪಂದ್ಯದಲ್ಲೇ ಪವನ್ ಮಂಡಿಗೆ ಪೆಟ್ಟಾಗಿ ಇಡೀ ಆವೃತ್ತಿ ತಪ್ಪಿಹೋಯಿತು. ಅದೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಹಳೆಯ ಅಭಿಮಾನಿಗಳ ಕಣ್ಣೆದುರೇ.

ಈಗ ಊರ ತಂಡಗಳ ಕಡೆ ಬರೋಣ. ಇಲ್ಲಿ ಎಲ್ಲವೂ ತಿರುಗುಮುರುಗು.

ಗಣಪತಿ ವಿಸರ್ಜನೆ, ವಾಲ್ಮೀಕಿ ಜಯಂತಿ, ರಾಜ್ಯೋತ್ಸವ, ಊರ ಜಾತ್ರೆ, ಇಷ್ಟರಲ್ಲಿ ಯಾವುದಾದರೂ ಒಂದಕ್ಕೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯದ ಹೋಬಳಿ ಈ ಎರಡು ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ತಳಕು, ಪರಶುರಾಂಪುರ, ರಾಂಪುರ, ದೇವಸಮುದ್ರ ಕಡೆ ಗೋಡೆಗಳ ಮೇಲೆ ಅಂಟಿಸುವ ಕರಪತ್ರದ ಒಕ್ಕಣೆ ಎಲ್ಲ ಕಡೆ ಒಂದೇ. ಮೇಲೆ ದೇವರ ಚಿತ್ರ, ಕೆಳಗೆ ಮುಖಂಡರ ಚಿತ್ರ, ಪ್ರಥಮ ದ್ವಿತೀಯ ಬಹುಮಾನ ಕೊಟ್ಟವರ ಹೆಸರು, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಕಪ್ಪು, ಪ್ರವೇಶ ಶುಲ್ಕ, ಕೊನೆಗೆ ದಪ್ಪಕ್ಷರದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಜಗಳ ಶುರುವಾಗುವುದು ಸಾಮಾನ್ಯವಾಗಿ ಆ ದಪ್ಪಕ್ಷರದಿಂದಲೇ.

ಇಲ್ಲಿ ಆಟಗಾರರನ್ನು ತರುವುದು ಗುಟ್ಟಿನ ಕೆಲಸ. ಬಳ್ಳಾರಿ, ದಾವಣಗೆರೆ ಕಡೆಯ ಕ್ರೀಡಾ ವಸತಿನಿಲಯದ ಹುಡುಗನೋ, ರಾಜ್ಯ ಮಟ್ಟಕ್ಕೆ ಆಡಿ ಈಗ ಪೊಲೀಸ್ ಕೆಲಸ ಹಿಡಿದವನೋ, ‘ಗೆಸ್ಟ್’ ಆಗಿ ಬರುತ್ತಾನೆ. ಬರುವುದು ರಾತ್ರಿ, ಬೈಕಿನ ಹಿಂದೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು. ಅವನಿಗೆ ಎಷ್ಟು ಕೊಟ್ಟರು, ದುಡ್ಡು ಯಾರ ಜೇಬಿನದು ಎಂಬುದು ತಂಡದೊಳಗೇ ಇಬ್ಬರು ಮೂವರಿಗೆ ಗೊತ್ತಿರುತ್ತದೆ. ಎದುರು ತಂಡ ‘ಇವನು ಈ ಊರಿನವನಲ್ಲ, ಆಧಾರ್ ತೋರಿಸಿ’ ಎಂದು ಪಟ್ಟು ಹಿಡಿದು ಅಂಕಣದ ನಡುವೆ ಕೂರುವುದು ಪಂದ್ಯಾವಳಿಯ ಒಂದು ಅಂಗವೇ ಆಗಿಬಿಟ್ಟಿದೆ. ಹೊರಗಿನವರು ಇಬ್ಬರಿಗಿಂತ ಹೆಚ್ಚಿರಬಾರದು ಎಂಬಂಥ ಷರತ್ತನ್ನು ಕೆಲವು ಕಡೆ ಕರಪತ್ರದಲ್ಲೇ ಹಾಕುತ್ತಾರೆ. ಆಮೇಲೆ ಆ ಇಬ್ಬರು ಯಾರ ಅಳಿಯ, ಯಾರ ತಂಗಿಯ ಮಗ ಎಂಬ ವಂಶಾವಳಿ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆ ನೆಂಟಸ್ತಿಕೆ ಹುಡುಕಿದರೆ ಯಾರೂ ಹೊರಗಿನವರಲ್ಲ.

ಕಳಿಸುವುದು ಮಾತ್ರ ಬಯಲಲ್ಲಿ. ಕುಡಿದು ಅಂಕಣಕ್ಕೆ ಬಂದವನು, ರೆಫ್ರಿ ಕೊರಳಪಟ್ಟಿಗೆ ಕೈ ಹಾಕಿದವನು, ಗೆದ್ದ ದುಡ್ಡಿನ ಲೆಕ್ಕ ಕೊಡದವನು, ಎದುರು ತಂಡದವರ ಹತ್ತಿರ ಕಾಸು ತಿಂದು ಬೇಕೆಂದೇ ಸಿಕ್ಕಿಬಿದ್ದ ಅನ್ನಿಸಿಕೊಂಡವನು, ಇಂಥವನ ವಿಚಾರಣೆ ಮರುದಿನ ಅರಳಿಕಟ್ಟೆಯ ಮೇಲೆ ಹತ್ತು ಜನರೆದುರು ನಡೆಯುತ್ತದೆ. ಅವನೂ ಬಾಯಿ ಬಿಡುತ್ತಾನೆ, ಅವನ ಪರ ಮಾತಾಡಲು ಮಾವನೋ ಅಣ್ಣನೋ ಬರುತ್ತಾನೆ. ಒಂದು ವರ್ಷ ಬೇಡ ಅಂದರೆ ಒಂದು ವರ್ಷ. ಕಾರಣ ಇಡೀ ಊರಿಗೆ ಗೊತ್ತು. ಈ ಪದ್ಧತಿಯನ್ನು ಹಾಡಿಹೊಗಳುವ ಇರಾದೆ ನನಗಿಲ್ಲ. ಯಾರ ಮಗ, ಯಾವ ಕೇರಿಯವನು ಎಂಬುದನ್ನು ನೋಡಿ ಶಿಕ್ಷೆಯ ತೂಕ ಇಳಿಯುವುದನ್ನೂ ಏರುವುದನ್ನೂ ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಆದರೂ ಶಿಕ್ಷೆಗೆ ಒಳಗಾದವನಿಗೆ ತನ್ನ ತಪ್ಪೇನೆಂದು ಹೇಳಿಸಿಕೊಳ್ಳುವ ಹಕ್ಕು, ಅನ್ಯಾಯವಾಯಿತು ಎಂದು ಊರ ಮುಂದೆ ಕೂಗುವ ಹಕ್ಕು ಅಲ್ಲಿದೆ. ಕೋಟಿ ರೂಪಾಯಿಯ ಲೀಗ್‌ನಲ್ಲಿ ಅದು ಕಾಣಿಸದಿರುವುದು ವಿಚಿತ್ರ.

ಆಟಗಾರನಿಗೆ ಗುಟ್ಟಾಗಿ ಕೊಡುವ ದುಡ್ಡಿನ ವಿಷಯ ನಮ್ಮ ಊರಿನದಷ್ಟೇ ಅಲ್ಲ. ಇದೇ ಜಗಳದಿಂದ ಒಂದು ಆಟವೇ ಹುಟ್ಟಿದೆ. ಇಂಗ್ಲೆಂಡಿನ ಉತ್ತರ ಭಾಗದ ಗಣಿ, ಗಿರಣಿ ಪಟ್ಟಣಗಳಲ್ಲಿ ರಗ್ಬಿ ಆಡುತ್ತಿದ್ದವರು ಕೂಲಿಕಾರರು. ಶನಿವಾರ ಆಟಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದ ಕೂಲಿಯನ್ನು ಕ್ಲಬ್ ತುಂಬಿಕೊಡಲಿ ಎಂದು ಅವರು ಕೇಳಿದರು. ಆಟಕ್ಕೆ ದುಡ್ಡು ಮುಟ್ಟುವುದು ಮರ್ಯಾದೆಗೇಡು ಎಂದು ಆಟವನ್ನು ಆಳುತ್ತಿದ್ದ ದೊಡ್ಡಮನುಷ್ಯರು ಒಪ್ಪಲಿಲ್ಲ. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಬೇರೆಯಾದವು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದದ್ದು ಅದೇ. ತಂಡಕ್ಕೆ 13 ಜನ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವಬೇಕು. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರು ತಂಡಕ್ಕೆ. ಕಬಡ್ಡಿ ಬಲ್ಲವನಿಗೆ ನೋಡಿದ ಕೂಡಲೇ ಅರ್ಥವಾಗುವ ಆಟ. ಮೊಳಕಾಲ್ಮುರಿನ ರೇಷ್ಮೆ ಮಗ್ಗದವನಿಗೆ ಅದರ ಚರಿತ್ರೆಯೂ ಬೇಗ ಅರ್ಥವಾದೀತು. ಮಗ್ಗದ ಗುಂಡಿಗೆ ಇಳಿಯದ ದಿನ ಲಾಳಿ ನಡೆಯುವುದಿಲ್ಲ, ಸೀರೆ ಮುಂದೆ ಹೋಗುವುದಿಲ್ಲ, ಕೂಲಿಯೂ ಇಲ್ಲ. ಎರಡು ರಾತ್ರಿ ಪಂದ್ಯಾವಳಿ ಆಡಿ ಬಂದ ನೇಕಾರನ ಹುಡುಗನಿಗೆ ತಂಡ ಒಂದಿಷ್ಟು ಕೊಟ್ಟರೆ ಅದನ್ನು ಲಂಚ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗುಟ್ಟಾಗಿ ಕೊಡುವುದಷ್ಟೇ ತಪ್ಪು.

ರಗ್ಬಿ ಲೀಗ್‌ನ ಅಭಿಮಾನಿಗಳೂ ಒಂದು ಶತಮಾನಕ್ಕೂ ಮೇಲ್ಪಟ್ಟು ಈ ಎರಡೇ ವಿಷಯಕ್ಕೆ ಜಗಳವಾಡುತ್ತ ಬಂದಿದ್ದಾರೆ: ಯಾರನ್ನು ಕೊಂಡರು, ಯಾರನ್ನು ಅಂಕೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅವರಲ್ಲೂ ಕ್ಲಬ್ಬಿನ ಸಂಬಳದ ಮೊತ್ತಕ್ಕೆ ಮಿತಿ ಇದೆ, ನಮ್ಮ 5 ಕೋಟಿಯ ಚೀಲದ ಹಾಗೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್ ಎಂಬ ಕ್ಲಬ್ ಎರಡು ಲೆಕ್ಕಪುಸ್ತಕ ಇಟ್ಟು ಮಿತಿ ಮೀರಿದ್ದು 2010ರಲ್ಲಿ ಬಯಲಾಯಿತು. 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಂಡರು. ಆ ವರ್ಷದ ಉಳಿದ ಪಂದ್ಯಗಳನ್ನು ಗೆದ್ದರೂ ಪಾಯಿಂಟ್ ಇಲ್ಲ ಎಂದರು. ತಂಡ ಪಾಯಿಂಟೇ ಇಲ್ಲದ ಪಂದ್ಯಗಳನ್ನು ಆಡಿ ಮುಗಿಸಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆಸ್ಟ್ರೇಲಿಯಾದ ಆ ಲೀಗ್‌ನ ಶಿಸ್ತಿನ ಕ್ರಮ. ಅಂಗಳದಲ್ಲಿ ತಪ್ಪು ಮಾಡಿದವನು ಹತ್ತು ನಿಮಿಷ ಹೊರಗೆ. ಆಮೇಲೆ ಪಂದ್ಯದ ದೃಶ್ಯ ನೋಡಿ ಆರೋಪಕ್ಕೆ ದರ್ಜೆ ಹಾಕುತ್ತಾರೆ. ಆಟಗಾರ ಒಪ್ಪಬಹುದು, ಇಲ್ಲವೇ ಮಂಡಳಿಯೆದುರು ವಾದಿಸಬಹುದು. ಎಷ್ಟು ಪಂದ್ಯ ನಿಷೇಧ ಎಂಬುದು ಪತ್ರಿಕೆಯಲ್ಲಿ ಬರುತ್ತದೆ. ಅಂಗಳದ ಹೊರಗಿನ ಗಂಭೀರ ಅಪರಾಧದ ಮೊಕದ್ದಮೆ ಇದ್ದರೆ, ತಪ್ಪಿತಸ್ಥನೆಂದು ತೀರ್ಮಾನಿಸದೆ, ಪ್ರಕರಣ ಮುಗಿಯುವವರೆಗೆ ಆಡಿಸದಿರುವ ನಿಯಮವನ್ನು 2019ರಲ್ಲಿ ಬರೆದುಕೊಂಡರು. ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲಾಯಿತು, ನಿಯಮ ಉಳಿಯಿತು. ಒಪ್ಪುವವರು, ಬೈಯುವವರು ಇಬ್ಬರೂ ಇದ್ದಾರೆ. ಬೈಯಲು ಒಂದು ಬರಹವಾದರೂ ಕೈಯಲ್ಲಿದೆ.

ಮ್ಯಾಟ್ ಮೇಲಿನ ಶಿಸ್ತಿನಲ್ಲಿ ಕಬಡ್ಡಿ ಯಾರಿಗೂ ಕಡಿಮೆಯಿಲ್ಲ. ಹಸಿರು ಕಾರ್ಡ್ ಎಂದರೆ ಎಚ್ಚರಿಕೆ. ಹಳದಿಗೆ ಎರಡು ನಿಮಿಷ ಹೊರಗೆ. ಕೆಂಪಿಗೆ ಪಂದ್ಯದಿಂದಲೇ ಹೊರಗೆ. ರೆಫ್ರಿ ಕಾರ್ಡ್ ಎತ್ತಿದಾಗ ಯಾಕೆ ಎತ್ತಿದರು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಮರುಪ್ರಸಾರ ಇದೆ. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೆನಪಿರಬೇಕು. ಭಾರತ, ಇರಾನ್ 28-28ರ ಸಮದಲ್ಲಿದ್ದಾಗ ನಾಯಕ ಪವನ್ ಮಾಡಿದ ರೈಡ್. ಯಾರನ್ನೂ ಮುಟ್ಟದೆ ಲಾಬಿ ಗೆರೆ ದಾಟಿದರೆ ಯಾವ ನಿಯಮ ಅನ್ವಯ ಎಂಬ ಬಗ್ಗೆ ಎರಡೂ ತಂಡದವರು ಮ್ಯಾಟ್ ಮೇಲೆ ಕೂತು ವಾದಿಸಿದರು, ಆಟ ಒಂದು ಗಂಟೆಯಷ್ಟು ಹೊತ್ತು ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ನೋಡಲು ಅಸಹ್ಯವಾಗಿತ್ತು ಎಂದವರಿದ್ದಾರೆ. ನಮ್ಮ ಊರಿನ ಪಂದ್ಯಾವಳಿ ನೋಡಿದವರಿಗೆ ಮನೆಯಲ್ಲೇ ಇದ್ದಂತೆ ಅನ್ನಿಸಿತು. ಆ ಒಂದು ಗಂಟೆಯ ಗದ್ದಲ ಎಷ್ಟೇ ಕೆಟ್ಟದಾಗಿ ಕಂಡರೂ ವಾದ, ಪ್ರತಿವಾದ, ತೀರ್ಪು ಮೂರೂ ಎಲ್ಲರ ಕಣ್ಣೆದುರು ನಡೆದವು. ಎರಡು ವರ್ಷದ ನಂತರ ಅದೇ ಪವನ್ ತಂಡದಿಂದ ಹೊರಗೆ ಹೋದಾಗ ಮೂರೂ ಇರಲಿಲ್ಲ.

ಬುಲ್ಸ್ ಅಭಿಮಾನಿಗಳ ಇನ್ನೊಂದು ಹಳೆಯ ತಕರಾರನ್ನು ಇಲ್ಲಿ ಬಿಡುವಂತಿಲ್ಲ: ಹೆಸರು ಬೆಂಗಳೂರು, ಆಟಗಾರರೆಲ್ಲ ಹರಿಯಾಣ. ಕರ್ನಾಟಕದಲ್ಲಿ ಆಟಗಾರರಿಲ್ಲ ಎನ್ನುವ ಮಾತಿಗೆ ಅರ್ಥವಿಲ್ಲ. ಸಿ. ಹೊನ್ನಪ್ಪ, ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಅರ್ಜುನ ಪ್ರಶಸ್ತಿ ಪಡೆದವರು. ಕರಾವಳಿಯ ಸುಕೇಶ್ ಹೆಗ್ಡೆ ಗುಜರಾತ್ ತಂಡವನ್ನು ಮೊದಲ ಯತ್ನದಲ್ಲೇ ಫೈನಲ್‌ಗೆ ಒಯ್ದ ನಾಯಕ. ಪ್ರಶಾಂತ್ ಕುಮಾರ್ ರೈ ನಾಯಕರಾಗಿದ್ದಾಗ ಪಟ್ನಾ ಎಂಟನೇ ಆವೃತ್ತಿಯ ಫೈನಲ್ ಸೋತದ್ದು ಒಂದೇ ಪಾಯಿಂಟಿಗೆ. ಬೇರೆಯವರ ಮನೆಯಲ್ಲಿ ಯಜಮಾನಿಕೆ ಮಾಡಿದವರಿಗೆ ತವರಿನಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಆದರೆ ಕನ್ನಡಿಗರಿಗೆ ಮೀಸಲು ಇಡಿ ಎಂಬ ಕೂಗಿನ ಹಿಂದಿನ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಲ್ಲ. ಆಟಗಾರ ಹುಟ್ಟುವುದು ಹರಾಜಿನ ಮೇಜಿನ ಮೇಲಲ್ಲ. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಿಂದ ಹಿಡಿದು ರಾಜ್ಯ ಮಟ್ಟದವರೆಗೆ ಏರಿ ಬಂದವನಿಗೆ ಆಮೇಲೆ ಹೊಟ್ಟೆಪಾಡಿಗೆ ಒಂದು ಕೆಲಸ ಬೇಕು. ಒಂದು ಕಾಲಕ್ಕೆ ವಿಜಯಾ ಬ್ಯಾಂಕ್‌ನಂಥ ಸಂಸ್ಥೆಗಳ ತಂಡಗಳು ಅದನ್ನು ಕೊಡುತ್ತಿದ್ದವು. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹರಿಯಾಣದ ಹುಡುಗನಿಗೆ ಕಬಡ್ಡಿ ಎಂದರೆ ಸೇನೆ, ರೈಲ್ವೆ, ಪೊಲೀಸ್ ಕೆಲಸದ ದಾರಿ. ಅದಕ್ಕೇ ಅಲ್ಲಿ ಮಣ್ಣಿನ ಅಂಕಣ ಖಾಲಿ ಬೀಳುವುದಿಲ್ಲ.

ಇನ್ನು ತವರಿನ ಪಂದ್ಯಗಳ ವಿಷಯ. 2017ರಲ್ಲಿ ಬುಲ್ಸ್‌ನ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 11ನೇ ಆವೃತ್ತಿ ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ ಮುಗಿಯಿತು. 12ನೆಯದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಚಳ್ಳಕೆರೆಯಿಂದ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ತಂಡವನ್ನು ನೋಡೋಣವೆಂದರೂ ತಂಡ ಅಲ್ಲಿಲ್ಲ. ಇಷ್ಟಾದರೂ ಇಲ್ಲಿನ ಹುಡುಗರು ಕೆಂಪು ಅಂಗಿ ಹಾಕಿಕೊಂಡು ಜಗಳವಾಡುತ್ತಾರೆಂದರೆ ಫ್ರಾಂಚೈಸಿಯ ಅದೃಷ್ಟ ದೊಡ್ಡದು.

12ನೇ ಆವೃತ್ತಿಗೆ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದದ್ದು ಈ ತಕರಾರಿಗೆ ಅರ್ಧ ಉತ್ತರ. ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದದ್ದು ಅವರ ಕೈಕೆಳಗೆ. ಬುಲ್ಸ್‌ನ ಖರೀದಿಯ ರೀತಿ ಬದಲಾಯಿತು. ದೊಡ್ಡ ಮೊತ್ತ ಹೋದದ್ದು ಹಿಡಿಗಾರರಿಗೆ: ಯೋಗೇಶ್ ದಹಿಯಾ ಅವರಿಗೆ 1.125 ಕೋಟಿ, ಅಂಕುಶ್ ರಾಠಿ ಅವರಿಗೆ 90 ಲಕ್ಷದಷ್ಟು. ರೈಡ್ ಹೊಣೆ ಹೊತ್ತದ್ದು ಅಷ್ಟೇನೂ ಸದ್ದು ಮಾಡದೆ ಬಂದ ಇರಾನಿನ ಅಲಿರೇಜಾ ಮಿರ್ಜಾಯನ್; ಜೊತೆಗೆ ಗಣೇಶ ಹನಮಂತಗೋಳ ಎಂಬ ನಮ್ಮ ಕಡೆಯ ಹೆಸರೂ ಸ್ಕೋರ್ ಪಟ್ಟಿಯಲ್ಲಿ ಕಾಣಿಸಿತು. ಆರಂಭದಲ್ಲಿ ಸೋತು ಬೈಗುಳ ತಿಂದ ತಂಡ ಆಮೇಲೆ ಎದ್ದು ಪ್ಲೇಆಫ್ ತಲುಪಿತು. ಕಪ್ಪು ದಬಾಂಗ್ ದೆಹಲಿಗೆ ಹೋಯಿತು. ಕೊನೆಯ ಸ್ಥಾನದಿಂದ ಪ್ಲೇಆಫ್‌ಗೆ ಏರಿದ್ದು ಸಣ್ಣ ಮಾತಲ್ಲ. ಕಾಲು ಹಿಡಿಯೋನು ಯಾರು ಎಂದು ಕೇಳಿದ್ದವರು ಮಂಡಕ್ಕಿ ತಿನ್ನುತ್ತ ಮೀಸೆಯಲ್ಲೇ ನಕ್ಕರು.

ಪವನ್ ಪ್ರಕರಣಕ್ಕೆ ಬಂದರೆ, ಅವರದೇ ತಪ್ಪು ಎಂದಾಗಲಿ ಆಡಳಿತದ್ದೇ ತಪ್ಪು ಎಂದಾಗಲಿ ಹೇಳುವ ಆಧಾರ ಹೊರಗಿನ ಯಾರ ಕೈಯಲ್ಲೂ ಇಲ್ಲ. ಆಧಾರವೇ ಇಲ್ಲದಂತೆ ಮಾಡಿದ್ದು ನನ್ನ ಆಕ್ಷೇಪ. ಶಿಸ್ತಿನ ಕಾರಣ ಎಂದು ಬರೆದ ಮೇಲೆ ಆಟಗಾರನ ಹೆಸರಿಗೆ ಮಸಿ ಬಿದ್ದಾಯಿತು; ಅದನ್ನು ಒರೆಸಿಕೊಳ್ಳಲು ಅವನಿಗೆ ಯಾವ ಕಟ್ಟೆಯೂ ಇಲ್ಲ. ಖಾಸಗಿ ವಿಷಯ ಹೇಳಲಾಗದು ಅನ್ನಬಹುದು. ಎಲ್ಲ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ತರಬೇತಿಗೆ ಬರಲಿಲ್ಲವೇ, ಒಪ್ಪಂದ ಮುರಿದರೇ, ಜೊತೆಗಾರರೊಡನೆ ಜಗಳವಾಯಿತೇ, ಇಷ್ಟನ್ನು ಒಂದು ಸಾಲಿನಲ್ಲಿ ಹೇಳಲಿ. ಕೇಳಿ ತೀರ್ಮಾನಿಸಿದವರು ತಂಡದ ಮಾಲೀಕರೋ, ಲೀಗ್‌ನ ಸಮಿತಿಯೋ ತಿಳಿಸಲಿ. ಮೇಲ್ಮನವಿಗೆ ಬಾಗಿಲು ಇದೆಯೇ ಹೇಳಲಿ. ಒಂಬತ್ತು ಲಕ್ಷದ ಡಿ ದರ್ಜೆಯ ಹುಡುಗನನ್ನು ಇದೇ ರೀತಿ ಕಳಿಸಿದ್ದರೆ ಪ್ರಕಟಣೆಯೂ ಇರುತ್ತಿರಲಿಲ್ಲ, ಅವನ ಪರ ಯಾವ ಊರಿನ ಟೀ ಅಂಗಡಿಯೂ ಮಾತಾಡುತ್ತಿರಲಿಲ್ಲ. ನನಗೆ ಪವನ್‌ಗಿಂತ ಆ ಹುಡುಗನ ಚಿಂತೆ ಹೆಚ್ಚು. ಚಳ್ಳಕೆರೆಯಿಂದಲೋ ಮೊಳಕಾಲ್ಮುರಿನಿಂದಲೋ ಯಾರಾದರೂ ಒಂದು ದಿನ ಲೀಗ್ ತಲುಪಿದರೆ ಆ ದರ್ಜೆಯಲ್ಲೇ ಶುರು ಮಾಡುತ್ತಾನೆ.

ಸದ್ಯಕ್ಕೆ ಇಲ್ಲಿ ಚರ್ಚೆ ಬೇರೆಯೇ ಇದೆ: ಪವನ್ ಮತ್ತೊಮ್ಮೆ ಹರಾಜಿಗೆ ಬಂದರೆ ಬುಲ್ಸ್ ಕೈಯೆತ್ತಬೇಕೇ? 2023ರಲ್ಲಿ 2.6 ಕೋಟಿ ಇದ್ದ ಬೆಲೆ 2025ರ ಹರಾಜಿನಲ್ಲಿ 59.5 ಲಕ್ಷಕ್ಕೆ ಇಳಿದಿತ್ತು. ಈ ಪ್ರಕರಣದ ನಂತರ ಇನ್ನೂ ಇಳಿಯುತ್ತದೆ, ಅಗ್ಗಕ್ಕೆ ಸಿಗುವಾಗ ಮನೆಮಗನನ್ನು ಮನೆಗೆ ತರಬೇಕು ಎಂಬುದು ಒಂದು ಬಣ. ಮಂಡಿ ಹೋಗಿದೆ, ಹೆಸರು ಕೆಟ್ಟಿದೆ, ಪರ್ದೀಪ್ ಕಥೆ ಮರೆತಿರಾ ಎಂಬುದು ಇನ್ನೊಂದು. ನನ್ನನ್ನು ಕೇಳಿದರೆ, ಮೂಲ ಬೆಲೆ 30 ಲಕ್ಷಕ್ಕೆ ಒಮ್ಮೆ ಕೈಯೆತ್ತಬಹುದು. ಅದೂ ಎಡಗಾರ್ನರ್‌ಗೆ ಒಬ್ಬ ಹುಡುಗನನ್ನು ಮೊದಲು ಕೊಂಡಿಟ್ಟುಕೊಂಡ ಮೇಲೆ.